ಬೆಲೆ ಬೇರೆ, ದರ ಬೇರೆ: ದಿನಬಳಕೆ ಸಾಮಾನು ಕೊಳ್ಳುವಾಗ ಹಾಕಬೇಕಾದ ಲೆಕ್ಕ

2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಹಾಲಿಗೆ ಎರಡು ರೂಪಾಯಿ ಏರಿತು ಎಂದು ಊರೆಲ್ಲ ಗೊಣಗಿತು. ಲೀಟರ್ ಪ್ಯಾಕೆಟ್ 42ರಿಂದ 44 ರೂಪಾಯಿಗೆ ಹೋಗಿದ್ದು ನಿಜ. ಆದರೆ ಜೊತೆಗೇ ಪ್ಯಾಕೆಟ್ ಒಳಗಿನ ಹಾಲೂ 1,000 ಮಿ.ಲೀ.ನಿಂದ 1,050 ಮಿ.ಲೀ.ಗೆ ಏರಿತ್ತು. 44ನ್ನು 1.05ರಿಂದ ಭಾಗಿಸಿ ನೋಡಿ, ಲೀಟರಿಗೆ 41 ರೂಪಾಯಿ 90 ಪೈಸೆ. ದರ ಏರಿರಲಿಲ್ಲ, ಹತ್ತು ಪೈಸೆ ಇಳಿದಿತ್ತು. 2025ರ ಏಪ್ರಿಲ್ 1ರಂದು ಅದೇ ಪ್ಯಾಕೆಟ್ 44ರಿಂದ 46 ಆಯಿತು, ಹೆಚ್ಚುವರಿ 50 ಮಿ.ಲೀ. ವಾಪಸ್ ಹೋಯಿತು. ಮತ್ತೆ ಎರಡೇ ರೂಪಾಯಿ ಎಂದು ಕಂಡರೂ ಲೀಟರಿನ ಲೆಕ್ಕದಲ್ಲಿ ಏರಿದ್ದು ನಾಲ್ಕು ರೂಪಾಯಿ ಹತ್ತು ಪೈಸೆ. ಎರಡೂ ಸಲ ಅಂಗಡಿಯಲ್ಲಿ ಹೆಚ್ಚಿಗೆ ಕೊಟ್ಟದ್ದು ಅದೇ ಎರಡು ರೂಪಾಯಿ.

ನಾವು ಕೈಯಿಂದ ಎಣಿಸಿ ಕೊಡುವುದು ಬೆಲೆ. ಒಂದು ಕೆ.ಜಿ.ಗೆ, ಒಂದು ಲೀಟರಿಗೆ ಎಷ್ಟು ಬಿತ್ತು ಅನ್ನುವುದು ದರ. ಅಂಗಡಿಯ ಬೋರ್ಡು, ಜಾಹೀರಾತು, ಆಫರ್ ಎಲ್ಲವೂ ಬೆಲೆಯನ್ನೇ ದೊಡ್ಡದಾಗಿ ತೋರಿಸುತ್ತವೆ. ದರವನ್ನು ನಾವೇ ಹುಡುಕಿಕೊಳ್ಳಬೇಕು. ಹುಡುಕಿದ ಮೇಲೂ ಇನ್ನೊಂದು ಮೆಟ್ಟಿಲಿದೆ: ಕೊಂಡದ್ದರಲ್ಲಿ ಬಳಕೆಗೆ ಬರುವುದು ಎಷ್ಟು? ಸಿಪ್ಪೆ, ನುಚ್ಚು, ನೀರು, ಚಿಕೋರಿ, ಹುಳು ಹಿಡಿದು ಚೆಲ್ಲಿದ್ದು ಇವನ್ನೆಲ್ಲ ಕಳೆದು ಉಳಿದದ್ದರಿಂದ ಭಾಗಿಸಿದಾಗ ಬರುವುದೇ ನಿಜವಾದ ದರ. ಕೊಟ್ಟ ಹಣ ಭಾಗಿಸು ಬಳಕೆಗೆ ಸಿಕ್ಕ ಪ್ರಮಾಣ, ಲೆಕ್ಕ ಇಷ್ಟೇ. ಕಷ್ಟವಿರುವುದು ಆ ಪ್ರಮಾಣವನ್ನು ಪತ್ತೆ ಹಚ್ಚುವುದರಲ್ಲಿ. (ಮುಂದೆ ಬರುವ ರೂಪಾಯಿಗಳಲ್ಲಿ ನಂದಿನಿ ಹಾಲಿನದ್ದನ್ನು ಬಿಟ್ಟು ಉಳಿದವೆಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಇವತ್ತಿನ ಮಾರುಕಟ್ಟೆ ಬೆಲೆಯಲ್ಲ.)

ಪ್ಯಾಕೆಟ್ ಮೇಲಿನ ಸಣ್ಣಕ್ಷರ

2021ರ ನವೆಂಬರ್‌ನಲ್ಲಿ ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಅದಕ್ಕೂ ಮುಂಚೆ ಬಿಸ್ಕತ್ತು, ಎಣ್ಣೆ, ಸೋಪು, ಟೀ ಪುಡಿಯಂಥ ಹಲವು ಸಾಮಾನುಗಳನ್ನು ಇಂತಿಂಥ ಅಳತೆಯಲ್ಲೇ ಪ್ಯಾಕ್ ಮಾಡಬೇಕೆಂಬ ಪಟ್ಟಿ ಇತ್ತು. ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ಅದಕ್ಕೇ ಈಗ 870 ಗ್ರಾಂ, 435 ಗ್ರಾಂನಂಥ ವಿಚಿತ್ರ ತೂಕದ ಪ್ಯಾಕೆಟ್‌ಗಳು ಕಾಣುತ್ತವೆ. ಪಟ್ಟಿ ತೆಗೆದದ್ದಕ್ಕೆ ಬದಲಾಗಿ ಕೊಟ್ಟದ್ದು ‘ಯೂನಿಟ್ ಸೇಲ್ ಪ್ರೈಸ್’. ಎಂಆರ್‌ಪಿ ಪಕ್ಕದಲ್ಲಿ ಚಿಕ್ಕದಾಗಿ ಗ್ರಾಂಗೆ ಇಷ್ಟು, ಮಿ.ಲೀ.ಗೆ ಇಷ್ಟು ಎಂದು ಬರೆದಿರುತ್ತದಲ್ಲ, ಅದೇ. ಕಂಪನಿಯೇ ಭಾಗಾಕಾರ ಮಾಡಿಕೊಟ್ಟಿದೆ, ನಾವು ಓದುವುದಷ್ಟೇ ಬಾಕಿ.

ಓದುವಾಗ ಎರಡು ಕಡೆ ಎಡವುತ್ತೇವೆ. ಒಂದು ಕೆ.ಜಿ.ಗಿಂತ ಕಡಿಮೆ ಇರುವ ಪ್ಯಾಕೆಟ್‌ನಲ್ಲಿ ಗ್ರಾಂ ಲೆಕ್ಕ, ಒಂದು ಕೆ.ಜಿ. ಮೇಲಿನದ್ದರಲ್ಲಿ ಕೆ.ಜಿ. ಲೆಕ್ಕ ಬರೆದಿರುತ್ತಾರೆ. 500 ಗ್ರಾಂ ಡಿಟರ್ಜೆಂಟ್ ಪುಡಿಯ ಮೇಲೆ 0.13, ಎರಡು ಕೆ.ಜಿ.ಯದ್ದರ ಮೇಲೆ 124 ಎಂದಿದ್ದರೆ ಮೊದಲನೆಯದನ್ನು ಸಾವಿರದಿಂದ ಗುಣಿಸಿ 130 ಮಾಡಿಕೊಂಡ ಮೇಲೆಯೇ ಹೋಲಿಕೆ. ಇನ್ನೊಂದು, ಆ ದರ ಲೆಕ್ಕ ಹಾಕಿರುವುದು ಎಂಆರ್‌ಪಿ ಮೇಲೆ, ಅಂಗಡಿಯವನು ಬಿಟ್ಟುಕೊಡುವ ಬೆಲೆಯ ಮೇಲಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಬ್ರಾಂಡಿಗೆ ರಿಯಾಯಿತಿ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಮುದ್ರಿತ ದರ ಉಪಯೋಗಕ್ಕೆ ಬಾರದು. ಆಗ ಫೋನಿನ ಕ್ಯಾಲ್ಕುಲೇಟರ್ ತೆಗೆಯಬೇಕು.

ಐದು, ಹತ್ತು ರೂಪಾಯಿಯ ಪ್ಯಾಕೆಟ್‌ಗಳದ್ದು ಬೇರೆ ಜಾತಿ. ಬಿಸ್ಕತ್ತು, ಚಿಪ್ಸ್, ಶಾಂಪೂ ಸ್ಯಾಷೆಗಳಲ್ಲಿ ಬೆಲೆ ಕದಲುವುದಿಲ್ಲ, ಗೋಧಿ, ಎಣ್ಣೆ ತುಟ್ಟಿಯಾದಾಗ ತೂಕ ಕರಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆಣ್ಣೆಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಶೇ 13 ಇಳಿಯಿತು ಎಂದು ಲೆಕ್ಕ ಹಾಕಬೇಡಿ. 118 ರೂಪಾಯಿ ಇದ್ದದ್ದು 105 ಆಗುತ್ತದೆ, ಅಂದರೆ ನಮ್ಮ ಜೇಬಿಗೆ ಶೇ 11. ಹತ್ತು ರೂಪಾಯಿಯ ಪ್ಯಾಕೆಟ್ ಎಂಟು ರೂಪಾಯಿ ತೊಂಬತ್ತು ಪೈಸೆಗೆ ಮಾರುವುದು ಚಿಲ್ಲರೆ ತೊಂದರೆಯಿಂದ ಕಷ್ಟ. ಬೆಲೆ ಹತ್ತೇ ಉಳಿದಿದ್ದರೆ ತೂಕ ಹೆಚ್ಚಿದೆಯೇ ಎಂದು ನೋಡಬೇಕು. ಹಳೆಯ ಖಾಲಿ ಕವರ್ ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟು ಓದಿ.

ಎಣ್ಣೆ: ಲೀಟರೋ ಕೆ.ಜಿ.ಯೋ

ದಿನಸಿಯಲ್ಲಿ ಅತಿ ಹೆಚ್ಚು ಜನ ಮೋಸ ಹೋಗುವ ಸಾಮಾನು ಇದು. ಮೋಸ ಅನ್ನುವುದೂ ತಪ್ಪೇ, ಎಲ್ಲವೂ ಪ್ಯಾಕೆಟ್ ಮೇಲೆ ಬರೆದೇ ಇರುತ್ತದೆ. ಅಡುಗೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ. ಒಂದೇ ಶೆಲ್ಫಿನಲ್ಲಿ ಒಂದು ಲೀಟರಿನ (910 ಗ್ರಾಂ) ಪ್ಯಾಕೆಟ್, 850 ಗ್ರಾಂ ಪ್ಯಾಕೆಟ್, 750 ಗ್ರಾಂ ಪ್ಯಾಕೆಟ್ ಒಂದೇ ಎತ್ತರಕ್ಕೆ ನಿಂತಿರುತ್ತವೆ. ಕಣ್ಣಿಗೆ ಮೂರೂ ‘ಒಂದು ಪ್ಯಾಕೆಟ್ ಎಣ್ಣೆ’.

ಲೀಟರ್ ಪ್ಯಾಕೆಟ್ 150 ರೂಪಾಯಿ, 850 ಗ್ರಾಂನದ್ದು 142 ಎಂದಿಟ್ಟುಕೊಳ್ಳಿ. ಎಂಟು ರೂಪಾಯಿ ಉಳಿಯಿತು ಅನ್ನಿಸುತ್ತದೆ. 150 ಭಾಗಿಸು 0.910, ಕೆ.ಜಿ.ಗೆ 164 ರೂಪಾಯಿ 80 ಪೈಸೆ. 142 ಭಾಗಿಸು 0.850, ಕೆ.ಜಿ.ಗೆ 167. ಅಗ್ಗದ್ದೇ ತುಟ್ಟಿ. ಎಣ್ಣೆಯನ್ನು ಯಾವಾಗಲೂ ಕೆ.ಜಿ.ಗೆ ಇಳಿಸಿ ಹೋಲಿಸುವುದು ಸುರಕ್ಷಿತ, ಏಕೆಂದರೆ ಬಿಸಿಯಾದಂತೆ ಎಣ್ಣೆ ಹಿಗ್ಗುತ್ತದೆ, ಬಿಸಿ ಎಣ್ಣೆಯ ಒಂದು ಲೀಟರ್ ತಣ್ಣನೆಯದಕ್ಕಿಂತ ಕಡಿಮೆ ತೂಗುತ್ತದೆ. ಕೆಲವು ಪ್ಯಾಕೆಟ್‌ಗಳಲ್ಲಿ ‘60 ಡಿಗ್ರಿಯಲ್ಲಿ ಒಂದು ಲೀಟರ್’ ಎಂಬ ಚಮತ್ಕಾರವೂ ನಡೆಯುತ್ತಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ತಾಪಮಾನದ ಮಾತು ಬಿಟ್ಟು ಲೀಟರಿನ ಜೊತೆ ತೂಕವನ್ನೂ ಮುದ್ರಿಸಿ ಎಂದು ತಯಾರಕರಿಗೆ ಹೇಳಿತು.

ಟಿನ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಮದುವೆ, ಬೀಗರೂಟಕ್ಕೆ ಮೈಸೂರಿನ ಸಂತೆಪೇಟೆಯಲ್ಲಿ ಟಿನ್ ದರ ಕೇಳಿದಾಗ ‘ಹದಿನೈದರ ಟಿನ್’ ಅಂದರೆ ಹದಿನೈದು ಕೆ.ಜಿ.ಯೋ ಹದಿನೈದು ಲೀಟರೋ ಎಂದು ಮರುಪ್ರಶ್ನೆ ಹಾಕಿ. 15 ಲೀಟರ್ ಅಂದರೆ 13 ಕೆ.ಜಿ. 650 ಗ್ರಾಂ. ಒಂದು ಟಿನ್ನಿಗೆ ಒಂದೂಕಾಲು ಕೆ.ಜಿ.ಗೂ ಹೆಚ್ಚು ವ್ಯತ್ಯಾಸ ಬಿದ್ದರೆ ಹತ್ತು ಟಿನ್ನಿಗೆ ಎಷ್ಟಾಯಿತು!

ಅಕ್ಕಿ ಮೂಟೆ ಮತ್ತು ಆ 26ನೇ ಕೆ.ಜಿ.

ಅಕ್ಕಿ ಮೂಟೆ ಮೊದಲು 25 ಕೆ.ಜಿ. ಇರುತ್ತಿತ್ತು, ಈಗ 26 ಏಕೆ? 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. 25 ದಾಟಿದರೆ ಇಲ್ಲ. ಮಿಲ್‌ನವರು ಒಂದು ಕೆ.ಜಿ. ಸೇರಿಸಿ ಹೊಲಿದರು, ತೆರಿಗೆ ತಪ್ಪಿತು. ಇದು ಕಾನೂನಿನೊಳಗೇ ಇರುವ ದಾರಿ, ಗಿರಾಕಿಗೂ ಲಾಭವೇ. ಆದರೆ ಐದು, ಹತ್ತು ಕೆ.ಜಿ.ಯ ಬ್ರಾಂಡೆಡ್ ಬ್ಯಾಗ್ ಕೊಳ್ಳುವವರು ಆ ಶೇ 5ನ್ನು ಕೊಡುತ್ತಲೇ ಇರುತ್ತಾರೆ. ಸಣ್ಣ ಸಂಸಾರದವರು ಅಂಗಡಿಯಲ್ಲಿ ಮೂಟೆಯಿಂದ ತೂಗಿಸಿಕೊಂಡರೆ ಬಿಡಿ ಅಕ್ಕಿಗೆ ತೆರಿಗೆ ಇಲ್ಲ. ಎರಡು ಅಂಗಡಿಯ ಮೂಟೆ ಹೋಲಿಸುವಾಗ 25ರದ್ದೋ 26ರದ್ದೋ ಎಂದು ನೋಡದಿದ್ದರೆ ಒಂದು ಕೆ.ಜಿ. ಅಕ್ಕಿಯ ಬೆಲೆ ಲೆಕ್ಕ ತಪ್ಪುತ್ತದೆ.

ಮಂಡ್ಯದಂಥ ಭತ್ತದ ನಾಡಿನಲ್ಲಿ ಅಕ್ಕಿಯ ಗುಣದ ಬಗ್ಗೆ ಪಾಠ ಹೇಳುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ದರದ ಲೆಕ್ಕಕ್ಕೆ ಬೇಕಾದದ್ದು ಎರಡು. ಹಳೆ ಅಕ್ಕಿ ಹೊಸದಕ್ಕಿಂತ ಹೆಚ್ಚು ನೀರು ಕುಡಿದು ಹೆಚ್ಚು ಅರಳುತ್ತದೆ, ಅನ್ನ ಒದಗುತ್ತದೆ. ಹಾಗಾಗಿ ಕೆ.ಜಿ.ಗೆ ನಾಲ್ಕೈದು ರೂಪಾಯಿ ಹೆಚ್ಚಿದ್ದರೂ ಹಳೆಯದು ದಂಡವಲ್ಲ. ಮೂಟೆ ಹೊರುವ ಮೊದಲು ಎರಡೂ ಅಕ್ಕಿಯಿಂದ ಅರ್ಧರ್ಧ ಕೆ.ಜಿ. ತಂದು, ತಲಾ ನೂರು ಗ್ರಾಂ ಬೇಯಿಸಿ ಅನ್ನ ತೂಗಿ ನೋಡಿ. ಹದ ಒಂದೇ ಇರಬೇಕು, ಒಂದು ಮುದ್ದೆ ಇನ್ನೊಂದು ಉದುರು ಆದರೆ ತೂಕಕ್ಕೆ ಅರ್ಥವಿಲ್ಲ. ಇನ್ನು ನುಚ್ಚು. ಬೊಗಸೆ ಅಕ್ಕಿ ತಟ್ಟೆಗೆ ಹಾಕಿ ನೂರು ಕಾಳು ಎಣಿಸಿ, ಮುರುಕು ಎಷ್ಟಿದೆ ನೋಡಿ. ಮೂಟೆಯ ಬಾಯಿಯಿಂದ ಮಾತ್ರ ತೆಗೆಯದೆ ಮಧ್ಯದಿಂದಲೂ ತೆಗೆಸಬೇಕು. ಮುರುಕನ್ನು ನೀವು ದೋಸೆಗೆ ಹಾಕುವವರಾದರೆ ನಷ್ಟವಿಲ್ಲ, ಹಾಕದಿದ್ದರೆ ನುಚ್ಚಕ್ಕಿಗೆ ಅಕ್ಕಿಯ ದುಡ್ಡು ತೆತ್ತಂತೆ.

ಬೆಲ್ಲ: ಇಲ್ಲಿ ಕಣ್ಣೇ ಶತ್ರು

ಮಂಡ್ಯದ ಎಪಿಎಂಸಿ ಸಗಟು ಮಾರುಕಟ್ಟೆಗೆ ಬೆಲ್ಲದ ಹೆಸರು ದೊಡ್ಡದು. ಅಲ್ಲಿ ಬೆಲ್ಲವನ್ನು ಬಣ್ಣ ನೋಡಿ ಕೂಗುತ್ತಾರೆ. ಹಳದಿಗೆ ಹೆಚ್ಚು, ಕಪ್ಪಿಗೆ ಕಡಿಮೆ. ಆ ಅಭ್ಯಾಸ ಚಿಲ್ಲರೆ ಅಂಗಡಿಗೂ ಬಂದಿದೆ. ಆದರೆ ಆ ಹಳದಿ ಎಲ್ಲಿಂದ ಬರುತ್ತದೆ?

ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಮೇಲೆ ಕೊಳೆ ಕಟ್ಟುತ್ತದೆ. ಅದನ್ನು ತೆಗೆಯಲು ಸುಣ್ಣ, ಬೆಂಡೆ ಗಿಡದ ಲೋಳೆ ಬಳಸುವುದು ಹಳೆಯ ಪದ್ಧತಿ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೇ ನಿಲ್ಲುತ್ತದೆ. ಚಿನ್ನದ ಬಣ್ಣ ಬರಬೇಕಾದರೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ. ಅದು ಬಣ್ಣ ಬಿಡಿಸುವ ರಾಸಾಯನಿಕ, ಬೆಲ್ಲದಲ್ಲಿ ಗಂಧಕದ ಅಂಶ ಉಳಿಸುತ್ತದೆ. ಹೀಗೆ ಬೆಳ್ಳಗಾದ ಬೆಲ್ಲ ಕೆಲವು ತಿಂಗಳಲ್ಲಿ ಮತ್ತೆ ಕಪ್ಪಾಗುತ್ತದೆ, ಬೇಗ ನೀರೊಡೆಯುತ್ತದೆ. ಅಂದರೆ ಹೆಚ್ಚು ಹಣ ಕೊಟ್ಟು ಕೊಂಡದ್ದು ಬಣ್ಣ, ಅದೂ ಉಳಿಯದ ಬಣ್ಣ. ಸಿಹಿ ಎರಡರಲ್ಲೂ ಅಷ್ಟೇ.

ಇನ್ನೊಂದು ಕೈಚಳಕ ಸಕ್ಕರೆಯದ್ದು. ಕಡಿಮೆ ದರ್ಜೆಯ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿದು ಬೆಲ್ಲ ಮಾಡುವ ದಂಧೆ ಮಂಡ್ಯದ ಕೆಲವು ಕಡೆ ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತದೆ. ಅಂಥ ಅಚ್ಚನ್ನು ಮುರಿದು ಬಿಸಿಲಿಗೆ ಹಿಡಿದರೆ ಒಡಕಿನಲ್ಲಿ ಸಕ್ಕರೆಯ ಹರಳು ಮಿನುಗಬಹುದು, ಅಚ್ಚು ಅತಿಯಾಗಿ ಗಟ್ಟಿ ಇರುತ್ತದೆ, ಬಾಯಿಗೆ ಹಾಕಿದರೆ ಕಬ್ಬಿನ ಘಮವಿಲ್ಲದ ಬರೀ ಸಿಹಿ. ಸ್ವಲ್ಪ ಉಪ್ಪುಪ್ಪು ಅನ್ನಿಸಿದರೆ ಹಳೆಯ ಬೆಲ್ಲವೋ ಖನಿಜ ಲವಣ ಹೆಚ್ಚಿದ್ದೋ ಇರಬೇಕು. ಒಂದು ಚಮಚ ಬೆಲ್ಲ ಬಿಸಿನೀರಿನ ಗಾಜಿನ ಲೋಟಕ್ಕೆ ಹಾಕಿ ಹತ್ತು ನಿಮಿಷ ಬಿಡಿ. ತಳದಲ್ಲಿ ಮರಳಿನಂಥ ಕಸ ಕೂತರೆ ಅದನ್ನೂ ನೀವು ತೂಕಕ್ಕೆ ಕೊಂಡಿದ್ದೀರಿ.

ಬೆಲ್ಲ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅಂಗಡಿಯಲ್ಲಿ ತೆರೆದಿಟ್ಟ ಬಕೆಟ್ ಬೆಲ್ಲ ಜಿನುಗುತ್ತಿದ್ದರೆ ನೀರಿಗೂ ಬೆಲ್ಲದ ದರ ಬೀಳುತ್ತಿದೆ ಎಂದರ್ಥ. ವರ್ಷದ ಬೆಲ್ಲವನ್ನು ಬೇಸಿಗೆ ಮುಗಿಯುವ ಮೊದಲೇ, ಒಣಗಿದ ಅಚ್ಚು ನೋಡಿ ಕೊಂಡು ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು. ಉಗಾದಿಯ ವಾರ, ಸಂಕ್ರಾಂತಿಯ ವಾರ ಕೊಳ್ಳಲೇಬೇಡಿ, ಬೇಡಿಕೆ ಏರಿರುತ್ತದೆ.

ಸಿಪ್ಪೆ, ಕರಟ, ಚಿಕೋರಿ

ತರಕಾರಿಯಲ್ಲಿ ದರ ತೂಕಕ್ಕೆ, ಊಟ ತಿರುಳಿಗೆ. ಮಾಗಿಯಲ್ಲಿ ಬರುವ ಸೊಗಡವರೆಯನ್ನೇ ತೆಗೆದುಕೊಳ್ಳಿ. ಕಾಯಿ ಕೆ.ಜಿ.ಗೆ 60 ರೂಪಾಯಿ, ಬಿಡಿಸಿದ ಕಾಳು 160. ದುಪ್ಪಟ್ಟಿಗಿಂತ ಹೆಚ್ಚು ಎಂದು ಹಿಂದೆ ಸರಿಯುವ ಮುನ್ನ ಒಂದು ಕೆ.ಜಿ. ಕಾಯಿ ಬಿಡಿಸಿ ಕಾಳು ತೂಗಿ. 400 ಗ್ರಾಂ ಬಂದರೆ ನಿಮ್ಮ ಕಾಳಿನ ದರ ಆಗಲೇ 150. ಹತ್ತು ರೂಪಾಯಿಗೆ ಬೇರೆಯವರು ಕೂತು ಬಿಡಿಸಿ ಕೊಟ್ಟಿದ್ದಾರೆ, ಹುಳುಕನ್ನೂ ಆರಿಸಿದ್ದಾರೆ. 350 ಗ್ರಾಂ ಮಾತ್ರ ಬಂದರೆ ನಿಮ್ಮದೇ 171, ಬಿಡಿಸಿದ ಕಾಳೇ ಅಗ್ಗ. ಕಾಯಿ ಎಷ್ಟು ತುಂಬಿದೆ ಎಂಬುದರ ಮೇಲೆ ಇದು ವಾರವಾರಕ್ಕೆ ಬದಲಾಗುತ್ತದೆ, ಆದ್ದರಿಂದ ಸುಗ್ಗಿಯ ಮೊದಲಲ್ಲಿ ಒಮ್ಮೆ, ಮಧ್ಯದಲ್ಲಿ ಒಮ್ಮೆ ತೂಗಿದರೆ ಸಾಕು.

ತೆಂಗಿನಕಾಯಿ ಎಣಿಕೆಗೆ ಮಾರುತ್ತಾರೆ, ಗೊಂದಲ ಹುಟ್ಟುವುದು ಅಲ್ಲೇ. 30 ರೂಪಾಯಿಯ ಕಾಯಿ 450 ಗ್ರಾಂ, 36 ರೂಪಾಯಿಯದ್ದು 600 ಗ್ರಾಂ ತೂಗಿದರೆ ಕೆ.ಜಿ.ಗೆ ಕ್ರಮವಾಗಿ 66 ರೂಪಾಯಿ 70 ಪೈಸೆ ಮತ್ತು 60. ದೊಡ್ಡದೇ ಅಗ್ಗ. ಆದರೆ ದಿನಕ್ಕೆ ಕಾಲು ಕಾಯಿ ತುರಿಯುವ ಮನೆಯಲ್ಲಿ ದೊಡ್ಡ ಕಾಯಿಯ ಉಳಿದ ಭಾಗ ಫ್ರಿಜ್ಜಿನಲ್ಲಿ ಹಳದಿಗಟ್ಟಿದರೆ ಆ ಲಾಭ ಹೋಯಿತು. ಅಲ್ಲಾಡಿಸಿದರೆ ನೀರಿನ ಸದ್ದು ಬರಬೇಕು, ಕಣ್ಣಿನ ಸುತ್ತ ಒದ್ದೆ ಅಥವಾ ಬೂಷ್ಟು ಇರಬಾರದು.

ಸಂತೆಯಲ್ಲಿ ‘ಗುಡ್ಡೆ ಇಪ್ಪತ್ತು’ ಎಂದು ಕೂಗುವ ತರಕಾರಿ ಹೆಚ್ಚಾಗಿ ಅಗ್ಗವೇ, ಆದರೆ ಮೇಲಿನ ನಾಲ್ಕು ಮಾತ್ರ ಹೊಳೆಯುತ್ತಿರಬಹುದು. ಗುಡ್ಡೆಯನ್ನು ಚೀಲಕ್ಕೆ ಸುರಿಸಿಕೊಳ್ಳುವಾಗ ನೋಡಿ, ಅಲ್ಲೇ ಬದಲಾಯಿಸಿಕೊಳ್ಳಿ. ಸೊಪ್ಪಿನ ಕಟ್ಟಿನಲ್ಲಿ ಬೇರು, ಮಣ್ಣು, ಚಿಮುಕಿಸಿದ ನೀರು ಎಲ್ಲ ಸೇರಿರುತ್ತದೆ. ಕಟ್ಟಿನ ಗಾತ್ರಕ್ಕಿಂತ ಕಾಂಡದ ಉದ್ದ ನೋಡಬೇಕು.

ಕಾಫಿಪುಡಿಯ ಲೆಕ್ಕ ಸ್ವಾರಸ್ಯದ್ದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆಂಬುದು ನಿಯಮ, ಅನುಪಾತ ಪ್ಯಾಕೆಟ್ ಮೇಲೆ ಇರುತ್ತದೆ. 80:20ರ ಪುಡಿ ಕೆ.ಜಿ.ಗೆ 800, 60:40ರದ್ದು 660 ಎಂದುಕೊಳ್ಳಿ, ಚಿಕೋರಿಯನ್ನು ಕೆ.ಜಿ.ಗೆ 150ರಂತೆ ಹಿಡಿಯಿರಿ. ಮೊದಲನೆಯದರಲ್ಲಿ 200 ಗ್ರಾಂ ಚಿಕೋರಿಯ 30 ರೂಪಾಯಿ ಕಳೆದರೆ 770, ಅದನ್ನು 0.8ರಿಂದ ಭಾಗಿಸಿದರೆ ಕಾಫಿಯ ದರ 962. ಎರಡನೆಯದರಲ್ಲಿ 60 ಕಳೆದು 600, 0.6ರಿಂದ ಭಾಗಿಸಿದರೆ 1,000. ಅಗ್ಗದ ಪುಡಿಯಲ್ಲೇ ಕಾಫಿ ತುಟ್ಟಿ. ಆದರೂ ಇದಕ್ಕೆ ಇನ್ನೊಂದು ಮುಖವಿದೆ. ಚಿಕೋರಿ ಡಿಕಾಕ್ಷನ್ನನ್ನು ಮಂದ ಮಾಡುತ್ತದೆ, ಅದೇ ಬಣ್ಣಕ್ಕೆ ಪುಡಿ ಕಡಿಮೆ ಸಾಕು. ಮನೆಗೆ ಬೇಕಾದದ್ದು ಬಣ್ಣವೋ ಘಮವೋ ತೀರ್ಮಾನಿಸಿ ಆಮೇಲೆ ಲೆಕ್ಕಕ್ಕೆ ಕೂರಿ. ನಮ್ಮ ಅಭಿಪ್ರಾಯದಲ್ಲಿ ದಿನಕ್ಕೆ ಎರಡು ಹೊತ್ತಿನ ಹಾಲಿನ ಕಾಫಿಗೆ 70:30ಕ್ಕಿಂತ ಕೆಳಗಿಳಿಯಬಾರದು.

ಸೋಪಿನಲ್ಲಿ ಹೀಗೆ ನೋಡಬೇಕಾದ ಅಂಕಿ ಟಿಎಫ್‌ಎಂ, ಅಂದರೆ ಕೊಬ್ಬಿನಂಶ. ಟಾಯ್ಲೆಟ್ ಸೋಪಿನಲ್ಲಿ ಶೇ 76ಕ್ಕೆ ಮೇಲಿದ್ದರೆ ಗ್ರೇಡ್ 1, 70ಕ್ಕೆ ಮೇಲೆ ಗ್ರೇಡ್ 2, 60ಕ್ಕೆ ಮೇಲೆ ಗ್ರೇಡ್ 3. ಹೊದಿಕೆಯ ಮೇಲೆ ‘ಬೇಥಿಂಗ್ ಬಾರ್’ ಎಂದಿದ್ದರೆ ಅದು ಈ ಪಂಕ್ತಿಗೇ ಸೇರುವುದಿಲ್ಲ, ಅದರಲ್ಲಿ ಶೇ 40 ಇದ್ದರೂ ನಡೆಯುತ್ತದೆ. ಕಡಿಮೆ ಟಿಎಫ್‌ಎಂನ ಸೋಪು ಬೇಗ ಮೆತ್ತಗಾಗಿ ಕರಗುವುದೇ ಹೆಚ್ಚು. ಗಂಧದ ಪರಿಮಳಕ್ಕೆ ಕೊಡುವ ಹಣ ಬೇರೆ ಲೆಕ್ಕ, ಅದು ಮನಸ್ಸಿನ ಖುಷಿಯ ಬಾಬ್ತು.

ತಕ್ಕಡಿ, ಮೊಳ, ಕೊಸರು

ದರ ಎಷ್ಟೇ ಚೌಕಾಸಿ ಮಾಡಿ ಇಳಿಸಿದರೂ ತೂಕದಲ್ಲಿ ಹೋದರೆ ಏನು ಬಂತು? ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ 12 ತಿಂಗಳಿಗೆ, ತೂಕದ ಕಲ್ಲುಗಳಿಗೆ 24 ತಿಂಗಳಿಗೆ ಬೀಳಬೇಕು. ಅದನ್ನು ಕೇಳುವ ಹಕ್ಕಿದೆ. ಆದರೆ ದಿನನಿತ್ಯಕ್ಕೆ ಉಪಯೋಗವಾಗುವುದು ಸಣ್ಣ ಅಭ್ಯಾಸಗಳು. ಸಾಮಾನು ಇಡುವ ಮೊದಲು ಪರದೆ ಸೊನ್ನೆ ತೋರಿಸುತ್ತಿದೆಯೇ ನೋಡಿ. ತಟ್ಟೆ, ಬುಟ್ಟಿ ಇಟ್ಟ ಮೇಲೆ ‘ಟೇರ್’ ಒತ್ತಿ ಮತ್ತೆ ಸೊನ್ನೆಗೆ ತರಿಸಿ. ತೂಕ ಸರಿಯೇ ಎಂದು ಅನುಮಾನ ಬಂದರೆ ಅದೇ ಅಂಗಡಿಯ ಒಡೆಯದ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಇಡಿಸಿ. ಕವರ್ ಸೇರಿ ಒಂದು ಕೆ.ಜಿ.ಗಿಂತ ಕೆಲವೇ ಗ್ರಾಂ ಹೆಚ್ಚು ತೋರಬೇಕು. ಪ್ಯಾಕೆಟ್‌ಗೂ ಸ್ವಲ್ಪ ರಿಯಾಯಿತಿ ಉಂಟು, ಒಂದು ಕೆ.ಜಿ.ಗೆ 15 ಗ್ರಾಂವರೆಗೆ ಹೆಚ್ಚುಕಮ್ಮಿಯನ್ನು ನಿಯಮ ಒಪ್ಪುತ್ತದೆ. ಆದರೆ ತಕ್ಕಡಿ 1,080 ತೋರಿಸಿದರೆ ಅದು ಪ್ಯಾಕೆಟ್‌ನ ದೋಷವಲ್ಲ.

ಸಿಹಿ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಸಮೇತ ತೂಗುವುದು ಹಳೆಯ ಚಾಳಿ. ಕೆ.ಜಿ.ಗೆ 800 ರೂಪಾಯಿಯ ಮೈಸೂರು ಪಾಕ್ ಅರ್ಧ ಕೆ.ಜಿ. ಕೇಳಿದಿರಿ, ಡಬ್ಬಿ 60 ಗ್ರಾಂ ಇದೆ. ರಟ್ಟಿಗೆ 48 ರೂಪಾಯಿ ತೆತ್ತಿರಿ. ತೂಕ ಯಾವಾಗಲೂ ನಿವ್ವಳವೇ ಇರಬೇಕು, ಡಬ್ಬಿಯ ತೂಕ ಮೊದಲು ಕಳೆಯಲು ಹೇಳಿ. ಎಂಆರ್‌ಪಿ ಮೇಲೆ ‘ಕೂಲಿಂಗ್ ಚಾರ್ಜ್’ ಎಂದು ತಂಪು ಪಾನೀಯಕ್ಕೆ ಎರಡು ರೂಪಾಯಿ ಹೆಚ್ಚಿಗೆ ಕೇಳುವುದೂ ಇದೇ ಸಾಲಿನದು, ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ಕೇಳುವಂತಿಲ್ಲ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ ಇದ್ದರೆ ಮಾತ್ರ ಮಾತಿಗೆ ತೂಕ.

ಹೂವಿನ ಮೊಳಕ್ಕೆ ಯಾವ ಮುದ್ರೆಯೂ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳಕ್ಕೆ ಇಷ್ಟು ಅಂದರೆ ಯಾರ ಮೊಳ? ಮೊಣಕೈಯಿಂದ ನಡುಬೆರಳ ತುದಿವರೆಗೆ, ಅಂದರೆ ಎರಡು ಗೇಣು, ಸುಮಾರು ಒಂದೂವರೆ ಅಡಿ. ಗಿಡ್ಡ ಕೈಯವರದ್ದು ಸಣ್ಣ ಮೊಳ. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಟ್ಟಿನ ಬಿಗಿಯಲ್ಲಿ. ಒಂದು ಗೇಣಿನಲ್ಲಿ ಎಷ್ಟು ಹೂ ಕೂತಿದೆ ಎಂದು ಕಣ್ಣಲ್ಲೇ ಎಣಿಸಿ. ಬಿಡಿ ಮೊಗ್ಗು ತೂಕಕ್ಕೆ ತಂದು ಮನೆಯಲ್ಲಿ ಕಟ್ಟಿದರೆ ಬಹಳ ಕಡಿಮೆಗೆ ಬೀಳುತ್ತದೆ, ಆದರೆ ನೀರು ಹೊಡೆದ ಮೊಗ್ಗು ಬೇಡ.

ಈ ಪಟ್ಟಿಯಲ್ಲಿ ಗ್ಯಾಸ್ ಸಿಲಿಂಡರನ್ನು ಮರೆಯಬಾರದು. ಒಳಗಿರಬೇಕಾದ ಗ್ಯಾಸ್ 14.2 ಕೆ.ಜಿ., ಖಾಲಿ ಸಿಲಿಂಡರಿನ ತೂಕ ಕುತ್ತಿಗೆಯ ಪಟ್ಟಿಯ ಮೇಲೆ ಬರೆದಿರುತ್ತದೆ. ಅಲ್ಲಿ 15.3 ಎಂದಿದ್ದರೆ ಒಟ್ಟು 29.5 ತೂಗಬೇಕು. ತಂದುಕೊಡುವವರ ಬಳಿ ತೂಕದ ಯಂತ್ರ ಇರಬೇಕು, ಸೀಲ್ ಒಡೆಯುವ ಮೊದಲು ತೂಗಲು ಕೇಳಿ.

ಇಷ್ಟೆಲ್ಲ ಲೆಕ್ಕದ ನಡುವೆ ಕೊಸರಿಗೂ ಒಂದು ಜಾಗ ಕೊಡಬೇಕು. ತೂಗಿದ ಮೇಲೆ ಕೈಗೆ ಬಂದಷ್ಟು ಹಾಕುವ ಆ ಎರಡು ಟೊಮೆಟೊ, ನಾಲ್ಕು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ. ಪರಿಚಯದ ಅಂಗಡಿಯಲ್ಲಿ ಕೊಳೆತ ಕಾಯಿ ಬದಲಾಯಿಸಿ ಕೊಡುವುದು, ತಿಂಗಳ ಕಡ ಕೊಡುವುದು ಕೂಡ ಕೊಸರೇ. ಕೆ.ಜಿ.ಗೆ ಒಂದು ರೂಪಾಯಿ ಉಳಿಸಲು ಆ ಅಂಗಡಿ ಬಿಡುವುದು ಯಾವಾಗಲೂ ಲಾಭವಲ್ಲ.

ಸಗಟು ದರ ತಿಳಿದುಕೊಳ್ಳುವ ಬಗೆ

ಅಂಗಡಿಯವನು ಹೇಳಿದ ದರ ನ್ಯಾಯವೋ ಅಲ್ಲವೋ ಎಂದು ಅಳೆಯಲು ಒಂದು ಗೆರೆ ಬೇಕು. ರಾಜ್ಯದ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಮೈಸೂರು, ಮಂಡ್ಯ ಎಪಿಎಂಸಿಗಳ ದಿನದ ದರ ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿ ಇರುತ್ತವೆ, ಹೆಚ್ಚಿನವು ಕ್ವಿಂಟಲ್‌ಗೆ. ನೋಡಬೇಕಾದದ್ದು ಮಾದರಿ ದರ, ಅಂದರೆ ಹೆಚ್ಚಿನ ಸರಕು ಬಿಕರಿಯಾದ ದರ. ನೂರರಿಂದ ಭಾಗಿಸಿದರೆ ಕೆ.ಜಿ.ಗೆ ಎಷ್ಟೆಂದು ಬಂತು. ಇದರ ಮೇಲೆ ಹಮಾಲಿ, ಸಾಗಣೆ, ಕೊಳೆತು ಹೋಗುವ ಪಾಲು, ಅಂಗಡಿಯವನ ಲಾಭ ಎಲ್ಲ ಸೇರುತ್ತದೆ. ಬೇಳೆ, ರಾಗಿಯಂಥ ಒಣ ಸಾಮಾನಿಗೆ ಈ ಅಂತರ ಕಡಿಮೆ ಇರಬೇಕು. ಸೊಪ್ಪು, ಟೊಮೆಟೊಗಳಲ್ಲಿ ಅಂತರ ದೊಡ್ಡದಿದ್ದರೆ ಅಂಗಡಿಯವನನ್ನು ಬೈಯಬೇಡಿ, ಸಂಜೆ ಅವನು ಚೆಲ್ಲುವ ಬುಟ್ಟಿಯ ಬೆಲೆಯೂ ಅದರಲ್ಲಿದೆ. ಎರಡನೆಯ ಗೆರೆಗೆ ತೋಟಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿ ಚೆನ್ನಾಗಿ ಒದಗುತ್ತದೆ.

ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಗೆ ಬೆಳಗ್ಗೆ ಹೋದರೆ ಅಗ್ಗ ಸಿಗುತ್ತದೆ ನಿಜ, ಆದರೆ ಅಲ್ಲಿ ಕ್ರೇಟು, ಮೂಟೆ ಲೆಕ್ಕ. ಒಂದೇ ಮನೆಗೆ ಒಂದು ಕ್ರೇಟ್ ಟೊಮೆಟೊ ಹೊತ್ತುಕೊಂಡು ಬಂದರೆ ಅರ್ಧ ಗೊಬ್ಬರ. ನಾಲ್ಕೈದು ಮನೆ ಸೇರಿ ಹಂಚಿಕೊಂಡರೆ, ಪೆಟ್ರೋಲ್ ಖರ್ಚನ್ನೂ ಸೇರಿಸಿ ಭಾಗಿಸಿದರೆ ಮಾತ್ರ ಗಿಟ್ಟುತ್ತದೆ. ಹಬ್ಬಕ್ಕೆ ಕೆಡದ ಸಾಮಾನು ಮೊದಲೇ ತಂದಿಡಿ: ಆಯುಧಪೂಜೆಯ ಬೂದುಗುಂಬಳ ಹತ್ತು ದಿನ ಮೂಲೆಯಲ್ಲಿ ಕೂತರೂ ಏನೂ ಆಗುವುದಿಲ್ಲ, ಸೇವಂತಿಗೆ ಹಾಗೆ ಕೂರುವುದಿಲ್ಲ.

ಆಫರ್‌ಗಳ ಗಣಿತ

‘ಒಂದಕ್ಕೊಂದು ಫ್ರೀ’ ಅಂದರೆ ಶೇ 50 ಇಳಿಕೆ. ‘ಎರಡಕ್ಕೊಂದು ಫ್ರೀ’ ಶೇ 33. ‘ಶೇ 25 ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಬರೆದದ್ದು ನಿಜಕ್ಕೂ ಶೇ 20ರ ಇಳಿಕೆ, ಏಕೆಂದರೆ 100ರ ಬೆಲೆಗೆ 125 ಕೊಟ್ಟಿದ್ದಾರೆ. 20ರ ಮೇಲೆ ಮತ್ತೆ 10 ರಿಯಾಯಿತಿ 30 ಆಗುವುದಿಲ್ಲ, 28. ಮನೆ ಬಾಗಿಲಿಗೆ ಕೆಲವೇ ನಿಮಿಷದಲ್ಲಿ ತರುವ ಆ್ಯಪ್‌ಗಳಲ್ಲಿ ಸಾಮಾನಿನ ದರ ಕಡಿಮೆಯೇ ಇರಬಹುದು, ಹ್ಯಾಂಡ್ಲಿಂಗ್, ಡೆಲಿವರಿ ಶುಲ್ಕ ಸೇರಿಸಿದ ಒಟ್ಟು ಮೊತ್ತವನ್ನು ನೋಡಿ. ಉಚಿತ ಡೆಲಿವರಿಗೆ ಅಂತ ಬೇಡದ 60 ರೂಪಾಯಿ ಸಾಮಾನು ಸೇರಿಸಿದರೆ ಉಳಿದದ್ದು ಶುಲ್ಕದ 25 ರೂಪಾಯಿ, ಹೋದದ್ದು 60.

ದೊಡ್ಡ ಪ್ಯಾಕೆಟ್ ಶೇ 10 ಅಗ್ಗ ಅಂದುಕೊಳ್ಳಿ. ಅದರಲ್ಲಿ ಹತ್ತನೇ ಒಂದು ಪಾಲು ಹುಳು ಹಿಡಿದು ಚೆಲ್ಲಿದರೆ ಉಳಿತಾಯ ಸರಿಯಾಗಿ ಸೊನ್ನೆ: 90 ಕೊಟ್ಟು 90ರಷ್ಟನ್ನೇ ತಿಂದಿರಿ. ರವೆ, ಮೈದಾ, ಕಡಲೆಹಿಟ್ಟು ಒಂದು ತಿಂಗಳಿಗಿಂತ ಹೆಚ್ಚಿನದ್ದು ಒಟ್ಟಿಗೆ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಉಪ್ಪು, ಸೋಪು, ಡಿಟರ್ಜೆಂಟು ಎಷ್ಟಾದರೂ ಕೊಳ್ಳಿ. ಅಕ್ಕಿ, ರಾಗಿ ಒಣಗಿದ ಡ್ರಮ್ಮಿದ್ದರೆ ಆರು ತಿಂಗಳಿಗೂ ಸರಿ.

ಎಲ್ಲ ಸಾಮಾನಿಗೂ ಈ ತಲೆಬಿಸಿ ಬೇಕಿಲ್ಲ. ತಿಂಗಳ ಖರ್ಚಿನಲ್ಲಿ ಹೆಚ್ಚು ತಿನ್ನುವ ಹದಿನೈದನ್ನು ಮಾತ್ರ ಆರಿಸಿ: ಅಕ್ಕಿ, ರಾಗಿ, ತೊಗರಿಬೇಳೆ, ಉದ್ದಿನಬೇಳೆ, ಎಣ್ಣೆ, ಹಾಲು, ತುಪ್ಪ, ಬೆಲ್ಲ, ಸಕ್ಕರೆ, ಕಾಫಿಪುಡಿ, ತೆಂಗಿನಕಾಯಿ, ಈರುಳ್ಳಿ, ಒಣಮೆಣಸಿನಕಾಯಿ, ಸೋಪು, ಡಿಟರ್ಜೆಂಟ್. ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಅಂಗಡಿ, ತೂಕ, ಕೊಟ್ಟ ಹಣ, ಕೆ.ಜಿ. ದರ ಎಂದು ಐದು ಕಲಂ ಎಳೆದು ಮೂರು ತಿಂಗಳು ಬರೆಯಿರಿ. ತೆಂಗಿನಕಾಯಿಯ ಎದುರು ಎಣಿಕೆಯ ಜೊತೆ ತೂಕವನ್ನೂ ಹಾಕಿ. ಮಲ್ಲಿಗೆಯನ್ನು ಈ ಪುಸ್ತಕಕ್ಕೆ ಸೇರಿಸಬೇಡಿ.